ಬ್ಲೀಚಣ್ಣನ ಚೀಟಿ

ಕಮಾನಿನ ಆಸ್ಪತ್ರೆಯಲ್ಲಿ ಹಿರಿಯಮ್ಮ ಉಸಿರಿನ ಯಂತ್ರದ ಮೇಲಿದ್ದಾಗ ಜ್ವರ ಬಂತು. ನ್ಯುಮೋನಿಯಾ ಎಂದರು. ಎದೆಯ ಕಫವನ್ನು ಪರೀಕ್ಷೆಗೆ ಕಳಿಸಲಿಲ್ಲ. ರಜೆ ಎಂದು ಲ್ಯಾಬಿಗೆ ಬೀಗ ಹಾಕಿತ್ತು. ಮೂರು ಬಗೆಯ ಔಷಧ ಒಟ್ಟಿಗೆ ಶುರು ಮಾಡಿದರು. ಬೀಗ ತೆಗೆದ ಮೇಲೂ ಯಾರೂ ತಿರುಗಿ ನೋಡಲಿಲ್ಲ. ಹಿರಿಯಮ್ಮನ ಮೂತ್ರಪಿಂಡ ಕೆಲಸ ನಿಲ್ಲಿಸಿತು. ಅವರು ತೀರಿಕೊಂಡರು. ಅವರಿಗೆ ಏನಾಗಿತ್ತು ಎಂಬುದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಅವರು ಮಲಗಿದ್ದ ಹಾಸಿಗೆಯ ಬಟ್ಟೆ ಒಗೆಯಲು ಬಂದದ್ದು ಅವರ ಮಕ್ಕಳ ಲಾಂಡ್ರಿಗೇ.

ಬೀದಿಯ ತಿರುವಿನಲ್ಲಿದೆ ಆ ಲಾಂಡ್ರಿ. ಹಿರಿಯಮ್ಮನ ದೊಡ್ಡ ಮಗ ಒಗೆಯುವ ಕಡೆ. ಚಿಕ್ಕ ಮಗ ಮತ್ತು ಅವನ ಹೆಂಡತಿ ಇಸ್ತ್ರಿಯ ಕಡೆ. ಆಕೆಯನ್ನು ಬೀದಿಯಲ್ಲಿ ಇಸ್ತ್ರಿ ಅಕ್ಕ ಎನ್ನುತ್ತಾರೆ. ದೊಡ್ಡವನ ಹೆಸರು ಬ್ಲೀಚಣ್ಣ. ಬ್ಲೀಚ್ ಸುರಿಯುತ್ತಾನೆಂದು ಬಂದ ಹೆಸರಲ್ಲ, ಸುರಿಯಲು ಬಿಡುವುದಿಲ್ಲವೆಂದು ಬಂದದ್ದು. ಗಿರಾಕಿ ಅಂಗಿ ತಂದು “ಈ ಕಲೆ ಒಂದು ತೆಗೆದುಬಿಡು ಮಾರಾಯ” ಎಂದರೆ ಸಾಕು, ಅಂಗಿಯನ್ನು ಬೆಳಕಿಗೆ ಹಿಡಿಯುತ್ತಾನೆ, ಉಗುರಿನಿಂದ ಕೆರೆಯುತ್ತಾನೆ, ಮೂಸುತ್ತಾನೆ.

“ರಕ್ತಕ್ಕೆ ತಣ್ಣೀರು, ಎಣ್ಣೆಗೆ ಬಿಸಿನೀರು, ತುಕ್ಕಿಗೆ ಹುಳಿ. ಬ್ಲೀಚ್ ಬಿದ್ದ ಮೇಲೆ ಕಲೆ ಯಾವುದಾಗಿತ್ತು ಅಂತ ದೇವರಿಗೂ ಗೊತ್ತಾಗಲ್ಲ.”

“ಹುಡುಗಿ ನೋಡೋಕೆ ಬಂದವರೂ ಇಷ್ಟು ನೋಡಲ್ಲ, ಬ್ಲೀಚಣ್ಣ.”

“ಅದಕ್ಕೇ ಆಮೇಲೆ ಬಾಯಿ ಬಾಯಿ ಬಡ್ಕೋತಾರೆ.”

ಅಂಗಡಿಯಲ್ಲಿ ಇಷ್ಟು ಬುದ್ಧಿ. ಆಸ್ಪತ್ರೆಯ ಬಾಗಿಲು ದಾಟಿದರೆ ಆ ಬುದ್ಧಿ ಚಪ್ಪಲಿಯ ಜೊತೆ ಹೊರಗೇ ಉಳಿಯುತ್ತಿತ್ತು. ತಾಯಿಯ ಸಾವಿನಿಂದ ಅವನು ಕಲಿತ ಪಾಠ ಒಂದೇ: ಔಷಧ ಸಾಲಲಿಲ್ಲ, ಇನ್ನೂ ಜೋರಾಗಿ, ಇನ್ನೂ ಬೇಗ ಕೊಡಬೇಕಿತ್ತು. ಇಸ್ತ್ರಿ ಅಕ್ಕ ಕಲಿತ ಪಾಠ ಬೇರೆ. ಅವತ್ತು ಆಕೆ ಡಾಕ್ಟರನ್ನು ಏನೋ ಕೇಳಲು ಬೆಂಚಿನಿಂದ ಎದ್ದಿದ್ದಳು. “ದೊಡ್ಡವರ ಎದುರು ಬಾಯಿ ಮಾಡಬೇಡ, ಕೂತ್ಕೋ” ಎಂದಿದ್ದ ಭಾವ. ಕೂತಿದ್ದಳು.

ಆಸ್ಪತ್ರೆಯ ಗೋಡೆಗಳ ಮೇಲೆ ‘ಸದ್ದು ಮಾಡಬೇಡಿ’ ಎಂದು ಬರೆದಿರುತ್ತದೆ. ಬಡವರು ಅದನ್ನು ‘ಪ್ರಶ್ನೆ ಕೇಳಬೇಡಿ’ ಎಂದು ಓದಿಕೊಂಡು ಬಂದಿದ್ದಾರೆ. ಹಾಗೆ ಓದಿಕೊಳ್ಳಲಿ ಎಂದೇ ಬಯಸುವವರೂ ಇದ್ದಾರೆ.

ಇದಾಗಿ ವರ್ಷ ತುಂಬುವುದರೊಳಗೆ ಚಿಕ್ಕವನು ಬಿದ್ದ. ಮಹಡಿಯ ಮೇಲೆ ಬಟ್ಟೆ ಒಣಹಾಕುವ ತಂತಿ ಬಿಗಿಯುತ್ತಿದ್ದಾಗ ಏಣಿ ಜಾರಿತು. ತಲೆಗೆ ಪೆಟ್ಟು. ಈ ಸಲ ದೊಡ್ಡಾಸ್ಪತ್ರೆಗೆ ಒಯ್ದರು. ಶಸ್ತ್ರಚಿಕಿತ್ಸೆ ಆಯಿತು. ಮಿದುಳಿನ ಬಾವು ಇಳಿಯುವವರೆಗೆ ಅವನ ಪರವಾಗಿ ಯಂತ್ರ ಉಸಿರಾಡಬೇಕಿತ್ತು. ಬಾಯಿಂದ ಉಸಿರುನಾಳಕ್ಕೆ ಒಂದು ಕೊಳವೆ, ಮೂಗಿನಿಂದ ಹೊಟ್ಟೆಗೆ ಊಟದ ಸಣ್ಣ ನಳಿಕೆ, ಎರಡೂ ಕೈಗೆ ಸೂಜಿ. ಬಟ್ಟೆಯ ಮೂಟೆಯನ್ನು ಒಂದೇ ಕೈಯಲ್ಲಿ ಎತ್ತುತ್ತಿದ್ದವನು ರೆಪ್ಪೆ ಎತ್ತಲಾರದೆ ಮಲಗಿದ್ದ.

ಭೇಟಿಯ ಹೊತ್ತಿನಲ್ಲಿ ಬ್ಲೀಚಣ್ಣ ತಮ್ಮನ ಪಕ್ಕ ನಿಂತು ನೋಡಿದ. ಮಂಚದ ತಲೆಯ ಕಡೆ ಏರಿಸಿಟ್ಟಿದ್ದರು. ಅರ್ಧ ಕೂತ ಹಾಗೆ, ಅರ್ಧ ಮಲಗಿದ ಹಾಗೆ. ಅವನ ಜೀವ ಚುರ್ ಎಂದಿತು. ಸಿಸ್ಟರ್ ಪಕ್ಕದ ಮಂಚದ ಕಡೆ ತಿರುಗಿದ್ದರು. ಮಂಚದ ಹಿಡಿ ತಿರುಗಿಸಿ ತಲೆಭಾಗವನ್ನು ಚಪ್ಪಟೆ ಇಳಿಸಿಬಿಟ್ಟ. ತಮ್ಮನ ಹಣೆ ಸವರಿದ. “ಮಲ್ಕೋ ಕಂದ” ಎಂದ.

ಇಸ್ತ್ರಿ ಅಕ್ಕ ಕೈ ತೊಳೆದು ಒಳಗೆ ಬರುವಷ್ಟರಲ್ಲಿ ಗಂಡನ ಗಲ್ಲದ ಕೆಳಗಿನ ಟವೆಲ್ ಹಳದಿಯಾಗಿ ಒದ್ದೆಯಾಗಿತ್ತು. ಸಿಸ್ಟರ್ ಓಡಿ ಬಂದು ಮೊದಲು ಮಂಚ ಏರಿಸಿದರು, ಬಾಯೊಳಗೆ ಇದ್ದುದನ್ನು ಹೀರಿ ತೆಗೆದರು.

“ಯಾರು ಇಳಿಸಿದ್ದು?”

ಬ್ಲೀಚಣ್ಣ ಗೋಡೆಯ ಗಡಿಯಾರ ಓದತೊಡಗಿದ.

“ಅಣ್ಣ, ಗಡಿಯಾರ ಮಂಚ ಇಳಿಸಲ್ಲ,” ಎಂದರು ಸಿಸ್ಟರ್. ದಪ್ಪ ಕನ್ನಡಕದ, ನಿಧಾನ ಮಾತಿನ ಹೆಂಗಸು. “ಇದನ್ನ ಏರಿಸಿಟ್ಟಿರೋದು ಅಲಂಕಾರಕ್ಕಲ್ಲ. ತಲೆ ಇಳಿದ್ರೆ ಹೊಟ್ಟೆಲಿರೋದು ಗಂಟಲಿಗೆ ಬರುತ್ತೆ. ಗಂಟಲಿಗೆ ಬಂದಿದ್ದು ಕೊಳವೆ ಪಕ್ಕದಲ್ಲೇ ನುಸುಳಿ ಎದೆಗೆ ಇಳಿಯುತ್ತೆ. ಯಂತ್ರದ ಮೇಲಿರೋರಿಗೆ ನ್ಯುಮೋನಿಯಾ ಬರೋ ಹಾದಿಗಳಲ್ಲಿ ಇದೂ ಒಂದು.”

ಬ್ಲೀಚಣ್ಣನಿಗೆ ಕೇಳಿಸಿದ್ದು ನ್ಯುಮೋನಿಯಾ ಎಂಬ ಪದ ಮಾತ್ರ. ಟವೆಲನ್ನು ಕಿಟಕಿಗೆ ಒಯ್ದ. ಬೆಳಕಿಗೆ ಹಿಡಿದ. ಅಂಗಡಿಯಲ್ಲಿ ಎಂದೂ ಇಳಿಸದ ದನಿಯನ್ನು ಇಳಿಸಿ ಇಸ್ತ್ರಿ ಅಕ್ಕನಿಗೆ ಹೇಳಿದ: “ನೋಡಮ್ಮ, ಇದು ಕಫ. ಹಳದಿ ಕಫ. ನ್ಯುಮೋನಿಯಾ ಬಂದಾಗಿದೆ. ನಮ್ಮಿಂದ ಮುಚ್ಚಿಡ್ತಿದ್ದಾರೆ.”

ಇಸ್ತ್ರಿ ಅಕ್ಕ ಟವೆಲನ್ನು ಕೈಗೆ ತೆಗೆದುಕೊಂಡಳು. ಬೆರಳಲ್ಲಿ ಉಜ್ಜಿದಳು, ಮೂಸಿದಳು.

“ಭಾವ, ಇದು ನಳಿಕೆಲಿ ಕೊಡೋ ಊಟ. ಒಡೆದ ಹಾಲಿನ ವಾಸನೆ ಬರ್ತಿದೆ. ನೀವು ಕಲೆ ತಪ್ಪು ಓದಿದ್ದು ಇದೇ ಮೊದಲು ನಾನು ನೋಡಿದ್ದು.”

“ಅಂಗಡಿ ಬೇರೆ, ಇದು ಬೇರೆ.”

“ಬಟ್ಟೆ ಅದೇ ಅಲ್ವಾ.”

ಮರುದಿನ ತಮ್ಮನಿಗೆ ಜ್ವರ ಬಂತು. ಯಂತ್ರದಲ್ಲಿ ಆಮ್ಲಜನಕವನ್ನು ಸ್ವಲ್ಪ ಏರಿಸಬೇಕಾಯಿತು. ಎದೆಯ ಎಕ್ಸ್-ರೇಯಲ್ಲಿ ಬಲಗಡೆ ಕೆಳಗೆ, ಮೊದಲು ಇರದಿದ್ದ ಒಂದು ಬಿಳಿ ಮಬ್ಬು.

ಬ್ಲೀಚಣ್ಣ ಬಾಗಿಲ ಬಳಿಯೇ ಡಾಕ್ಟರಮ್ಮನನ್ನು ತಡೆದ. ಅವನ ಮುಖ ನೀಲಿ ಹಾಕಿ ಹಿಂಡಿದ ಬಟ್ಟೆಯ ಹಾಗಿತ್ತು. “ಅಮ್ಮಾ, ಮೂರೂ ಔಷಧ ಕೊಡಿ. ನಿಮ್ಮಲ್ಲಿ ಎಷ್ಟು ಜೋರಿಂದು ಇದೆಯೋ ಅಷ್ಟೂ ಕೊಡಿ. ಪರೀಕ್ಷೆ ಗಿರೀಕ್ಷೆ ಆಮೇಲೆ ನೋಡ್ಕೊಳ್ಳಿ.”

ಜೊತೆಯಲ್ಲಿದ್ದ ಕಿರಿಯ ಡಾಕ್ಟರಿಗೂ ಅವಸರವಿತ್ತು. “ಮೇಡಂ, ಇವತ್ತು ನಮ್ಮ ಲ್ಯಾಬಿಗೆ ರಜೆ. ಔಷಧ ಶುರು ಮಾಡಿಬಿಡೋಣ. ಕಫ ಲ್ಯಾಬ್ ತೆರೆದ ಮೇಲೆ ಕಳಿಸಿದ್ರಾಯ್ತು.”

ಅದೇ ಮಾತು. ಅದೇ ರಜೆ, ಅದೇ ಬೀಗ. ಲ್ಯಾಬಿಗೆ ರಜೆ ಕೊಡುವವರು ಕ್ರಿಮಿಗೂ ರಜೆ ಕೊಟ್ಟಿರುತ್ತಾರೆಯೇ ಎಂದು ಯಾರೂ ಕೇಳುವುದಿಲ್ಲ. ಇಸ್ತ್ರಿ ಅಕ್ಕ ಬೆಂಚಿನಿಂದ ಎದ್ದಳು. ಭಾವ ಅವಳ ಕಡೆ ಕಣ್ಣು ಬಿಟ್ಟ. ಅವಳು ಈ ಸಲ ಕೂರಲಿಲ್ಲ.

“ಡಾಕ್ಟರಮ್ಮ, ನನಗೆ ಓದು ಕಮ್ಮಿ. ತಪ್ಪು ತಿಳೀಬೇಡಿ. ಇದು ನ್ಯುಮೋನಿಯಾನೇ ಅಂತ ಹೆಂಗೆ ಗೊತ್ತಾಗುತ್ತೆ?”

ಡಾಕ್ಟರಮ್ಮ ನಿಂತರು. ಕಿರಿಯನ ಕಡೆ ಒಮ್ಮೆ ನೋಡಿದರು. “ಸರಿಯಾದ ಪ್ರಶ್ನೆ ಕೇಳಿದ್ರಿ. ಇನ್ನೂ ಗೊತ್ತಾಗಿಲ್ಲ. ಅನುಮಾನ ಇದೆ ಅಷ್ಟೆ. ಕಫ ಈಗಲೇ ತೆಗೀತೀವಿ, ರಕ್ತಾನೂ. ನಮ್ಮ ಲ್ಯಾಬ್ ಮುಚ್ಚಿದ್ರೆ ಊರಾಚೆ ಕಾಲೇಜಿನ ಲ್ಯಾಬ್ ತೆರೆದಿರುತ್ತೆ. ಸಿಸ್ಟರ್, ಇವರಿಗೆ ಬಿಡಿಸಿ ಹೇಳ್ತೀರಾ? ನಾನು ರೋಗಿ ನೋಡ್ತೀನಿ.”

ಸಿಸ್ಟರ್ ಹೀರುವ ಸಾಮಾನು, ಮುಚ್ಚಳವಿರುವ ಶುದ್ಧ ಡಬ್ಬಿ ಜೋಡಿಸಿಕೊಳ್ಳುತ್ತಲೇ ಮಾತಾಡಿದರು.

“ನಮಗೆ ನಿಮಗೆ ನ್ಯುಮೋನಿಯಾ ಬಂದ್ರೆ ಕೆಮ್ಮು ಅಂತೀವಿ, ಎದೆ ಚುಚ್ಚುತ್ತೆ ಅಂತೀವಿ. ಇವರ ಬಾಯಲ್ಲಿ ಕೊಳವೆ ಇದೆ. ಹೇಳೋ ಹಾಗಿಲ್ಲ. ಹಂಗಾಗಿ ಇವರ ಪರವಾಗಿ ನಾವೇ ಗುರುತು ಹುಡುಕಬೇಕು. ಒಂದೇ ಗುರುತು ನಂಬೋ ಹಾಗೂ ಇಲ್ಲ.”

“ಎಕ್ಸ್-ರೇಯಲ್ಲಿ ಬಿಳಿ ಬಂದಿದೆಯಲ್ಲ?” ಎಂದ ಬ್ಲೀಚಣ್ಣ.

“ಕ್ರಿಮಿ ಸೇರಿದ್ರೂ ಬಿಳಿ. ನೀರು ತುಂಬಿದ್ರೂ ಬಿಳಿ. ಗಟ್ಟಿ ಕಫ ಉಸಿರುನಾಳದ ಒಂದು ಕವಲಿಗೆ ಬಿರಡೆ ಹಾಕಿದ ಹಾಗೆ ಕೂತು, ಆ ಭಾಗಕ್ಕೆ ಗಾಳಿ ಹೋಗದೆ ಮುದುಡಿಕೊಂಡ್ರೂ ಬಿಳಿ. ಎಕ್ಸ್-ರೇಯಲ್ಲಿ ಎಲ್ಲಾ ಕಲೆಗೂ ಒಂದೇ ಬಣ್ಣ, ಅಣ್ಣ.”

“ಜ್ವರ?”

“ಜ್ವರಕ್ಕೆ ಹತ್ತು ಮನೆ. ಸೂಜಿ ಚುಚ್ಚಿದ ಜಾಗ, ಮೂತ್ರದ ನಳಿಕೆ, ತಲೆಯ ಗಾಯ. ಎಲ್ಲಾ ಬಾಗಿಲೂ ತಟ್ಟಿ ನೋಡಬೇಕು. ಜ್ವರ ಇದೆಯಾ, ಕಫ ಹೆಚ್ಚಾಯ್ತಾ, ಬಣ್ಣ ಕೀವಿನ ಹಾಗಾಯ್ತಾ, ಆಮ್ಲಜನಕ ಜಾಸ್ತಿ ಬೇಕಾಗ್ತಿದೆಯಾ, ಎಕ್ಸ್-ರೇಯಲ್ಲಿ ಹೊಸ ಮಬ್ಬು ಬಂತಾ, ರಕ್ತದಲ್ಲಿ ಬಿಳಿ ಕಣ ಏರಿತಾ. ಇಷ್ಟೂ ಒಟ್ಟಿಗೆ ಇಟ್ಟು ನೋಡಿ, ಆಮೇಲೆ ಎದೆಯ ಆಳದ ಕಫದಲ್ಲಿ ಯಾವ ಕ್ರಿಮಿ ಬೆಳೆಯುತ್ತೆ ಅಂತ ಲ್ಯಾಬಿನಲ್ಲಿ ಕಾಯಬೇಕು. ಅದಕ್ಕೆ ಎರಡು ಮೂರು ದಿನ ಹಿಡಿಯುತ್ತೆ.”

“ಅಲ್ಲಿವರೆಗೆ ಔಷಧ ಕೊಡದೆ ಕೂರೋದಾ? ನನ್ನ ತಮ್ಮ ಏನು ನೆನೆಸಿಟ್ಟ ಬಟ್ಟೆನಾ?”

“ಯಾರು ಹೇಳಿದ್ರು ಕೂರ್ತೀವಿ ಅಂತ? ಕಫ ತೆಗೆಯೋಕೆ ನೀವೊಂದು ಅಂಗಿ ಮಡಿಸೋಷ್ಟು ಹೊತ್ತು. ತೆಗೆದ ಕೂಡಲೇ ಡಾಕ್ಟರಮ್ಮ ತಕ್ಕ ಔಷಧ ಶುರು ಮಾಡ್ತಾರೆ. ರೋಗಿ ಕುಸೀತಾ ಇದ್ರಂತೂ ಯಾವುದಕ್ಕೂ ಕಾಯಲ್ಲ. ಆದರೆ ತೆಗೆಯೋಕೆ ಆಗೋವಾಗ ಮೊದಲು ಕಫದ ಮಾದರಿ, ಹಿಂದೇನೇ ಔಷಧ.”

“ಔಷಧ ಕೊಟ್ಟು ಆಮೇಲೆ ತೆಗೆದ್ರೆ ಏನು ಗಂಟು ಹೋಗುತ್ತೆ?”

“ಔಷಧ ಬಿದ್ದ ಮೇಲೆ ಅರೆಸತ್ತ ಕ್ರಿಮಿ ಲ್ಯಾಬಿನಲ್ಲಿ ಬೆಳೆಯಲ್ಲ. ಇತ್ತೋ ಇಲ್ಲವೋ, ಇದ್ರೆ ಯಾವುದೋ, ಗೊತ್ತೇ ಆಗಲ್ಲ.”

ಇಸ್ತ್ರಿ ಅಕ್ಕ ಭಾವನ ಕಡೆ ತಿರುಗಿದಳು. “ಬ್ಲೀಚ್ ಬಿದ್ದ ಮೇಲೆ...” ಎಂದಳು.

ಬ್ಲೀಚಣ್ಣ ಅಷ್ಟು ವರ್ಷ ಗಿರಾಕಿಗಳಿಗೆ ಹೇಳಿದ ಮಾತೇ ಅದು. ಸಿಸ್ಟರ್ ಕೈಯಲ್ಲಿದ್ದ ಡಬ್ಬಿ ನೋಡಿ ಕೇಳಿದ: “ಆ ಕಾಲೇಜಿನ ಲ್ಯಾಬಿಗೆ ಡಬ್ಬಿ ಯಾರು ಒಯ್ತಾರೆ?”

“ನಮ್ಮ ಗಾಡಿ ಹೊರಗೆ ಹೋಗಿದೆ. ಬೇರೆ ಹುಡುಕ್ತಿದ್ದೀವಿ. ಬೇಗ ಮುಟ್ಟಬೇಕು.”

“ನನ್ನ ಗಾಡಿ ಕೆಳಗಿದೆ.”

ಹಾಗೆ, ಇಸ್ತ್ರಿ ಬಟ್ಟೆ ಹೊರುವ ಗಾಡಿಯಲ್ಲಿ ಕಫದ ಡಬ್ಬಿ ಹೊರಟಿತು. ವಾರ್ಡಿನ ಆಯಾ ಮಂಜುಗಡ್ಡೆಯ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತಳು. ಹೊರಡುವ ಮೊದಲೇ ತಮ್ಮನಿಗೆ ಔಷಧ ಶುರುವಾಗಿತ್ತು. ಒಂದೇ ಬಗೆಯದು.

ದಾರಿಯಲ್ಲಿ ಬ್ಲೀಚಣ್ಣ ಆಯಾಳನ್ನು ಕೇಳಿದ: “ಮಂಚ ಇಳಿಸಿದ್ರಿಂದ್ಲೇ ಆಗಿದ್ರೆ?”

“ರಸ್ತೆ ನೋಡಿ ಅಣ್ಣ. ನೀವೂ ಆಸ್ಪತ್ರೆ ಸೇರಿದ್ರೆ ನಿಮ್ಮ ಮಂಚ ನಾನು ಇಳಿಸ್ತೀನಿ.”

ಅವನು ನಗಲಿಲ್ಲ. ಆಮೇಲಿನ ದಿನಗಳಲ್ಲಿ ಅವನು ಅಂಗಡಿಯಲ್ಲಿ ನಿಂತರೂ ಕಣ್ಣು ಬಟ್ಟೆಯ ಮೇಲಿರಲಿಲ್ಲ. ತಾಯಿಯನ್ನು ಕಳಕೊಂಡ ಮನೆ ತಮ್ಮನನ್ನೂ ಕಳಕೊಂಡರೆ, ಅದೂ ತನ್ನ ಕೈಯಾರೆ ಎಂದಾದರೆ. ಒಗೆಯುವ ಯಂತ್ರ ಸುತ್ತು ಮುಗಿಸಿ ನಿಂತರೂ ಅವನಿಗೆ ತಿಳಿಯುತ್ತಿರಲಿಲ್ಲ. ಒಂದು ಸಂಜೆ ಇಸ್ತ್ರಿ ಅಕ್ಕನಿಗೆ ಹೇಳಿಯೇಬಿಟ್ಟ: “ಮಂಚ ಇಳಿಸಿದ್ದು ನಾನು.”

“ಗೊತ್ತು ಭಾವ. ಗಡಿಯಾರ ಅಲ್ಲ ಅಂತ ಎಲ್ಲರಿಗೂ ಗೊತ್ತು.”

“ಅದೇ ಎದೆಗೆ ಇಳಿದಿದ್ರೆ?”

“ಇಳಿದಿದೆಯಾ ಇಲ್ವಾ ಅಂತಾನೇ ನೋಡ್ತಿರೋದು. ನೋಡೋವರೆಗೆ ನಿಮಗೂ ಶಿಕ್ಷೆ ಬೇಡ, ನಿಮ್ಮ ತಮ್ಮಂಗೂ ಬೇಡ.”

ಆಸ್ಪತ್ರೆಯಲ್ಲಿ ಅಷ್ಟರಲ್ಲಿ ಬಾಗಿಲು ತಟ್ಟುವ ಕೆಲಸ ನಡೆದಿತ್ತು. ಎದೆಯ ವ್ಯಾಯಾಮ ಮಾಡಿಸುವವರು ತಮ್ಮನನ್ನು ಮಗ್ಗುಲಿಗೆ ತಿರುಗಿಸಿ ಬೆನ್ನು ತಟ್ಟಿದರು. ಸಿಸ್ಟರ್ ಹೀರಿದಾಗ ಮೇಣದಂಥ ಗಟ್ಟಿ ಕಫದ ಒಂದು ತುಂಡು ಬಂತು. ಮತ್ತೆ ತೆಗೆದ ಎಕ್ಸ್-ರೇಯಲ್ಲಿ ಬಿಳಿ ಮಬ್ಬು ಹೆಚ್ಚುಕಡಿಮೆ ಹೋಗಿತ್ತು. ನ್ಯುಮೋನಿಯಾದ ಮಬ್ಬು ಅಷ್ಟು ಬೇಗ ಹೋಗುವಂಥದ್ದಲ್ಲ. ಎಡಗೈಯ ಸೂಜಿಯ ಸುತ್ತ ಕೆಂಪಗೆ ಊದಿತ್ತು. ಅದನ್ನು ಕಿತ್ತು ಬೇರೆ ಕಡೆ ಹಾಕಿದರು. ಜ್ವರ ಇಳಿಯಿತು. ಆಮ್ಲಜನಕ ಮೊದಲಿನ ಮಟ್ಟಕ್ಕೆ ಬಂತು. ಆಮೇಲೆ ಕಾಲೇಜಿನಿಂದ ವರದಿ ಬಂತು. ಎದೆಯ ಕಫದಲ್ಲಿ ರೋಗದ ಕ್ರಿಮಿ ಬೆಳೆದಿಲ್ಲ. ರಕ್ತದಲ್ಲೂ ಇಲ್ಲ.

“ನ್ಯುಮೋನಿಯಾ ಅಲ್ಲ,” ಎಂದರು ಡಾಕ್ಟರಮ್ಮ. “ಔಷಧ ಇವತ್ತಿಗೆ ನಿಲ್ಲಿಸ್ತೀನಿ.”

ಬ್ಲೀಚಣ್ಣನಿಗೆ ಸಮಾಧಾನವೂ ಆಯಿತು, ಹೆದರಿಕೆಯೂ ಆಯಿತು. “ನಿಲ್ಲಿಸೋದಾ? ಇನ್ನೊಂದು ವಾರ ಇರಲಿ ಬಿಡಿ ಅಮ್ಮ. ಏನು ಹೋಗುತ್ತೆ?”

“ಮೂತ್ರಪಿಂಡ ಹೋಗಬಹುದು,” ಎಂದರು ಡಾಕ್ಟರಮ್ಮ. “ಬೇಡದ ಔಷಧ ಸುಮ್ನೆ ಕೂರಲ್ಲ. ಇನ್ನೊಂದು ಮಾತು, ದೇಹದಲ್ಲಿ ಉಳಿದ ಕ್ರಿಮಿ ಆ ಔಷಧಕ್ಕೆ ಪಳಗಿಬಿಡುತ್ತೆ. ನಾಳೆ ನಿಜವಾಗಿ ನ್ಯುಮೋನಿಯಾ ಬಂದ ದಿನ ಅದು ಕೆಲಸಕ್ಕೆ ಬರಲ್ಲ. ಕ್ರಿಮಿ ಸಿಕ್ಕಿದ್ದಿದ್ರೆ ಅದಕ್ಕೆ ತಕ್ಕದ್ದೊಂದು ಆರಿಸಿ ಪೂರ್ತಿ ಕೊಡ್ತಿದ್ದೆ.”

ಬ್ಲೀಚಣ್ಣ ಬೆಂಚಿನ ಮೇಲೆ ಕೂತ. ತನ್ನ ಅಂಗೈಗಳನ್ನು ನೋಡಿಕೊಂಡ. ಸೋಪಿನಿಂದ ಬಿರುಕು ಬಿಟ್ಟ ಅಂಗೈಗಳು.

“ನಮ್ಮಮ್ಮಂಗೆ ಮೂರು ಕೊಟ್ಟಿದ್ರು. ಕಫ ತೆಗೀಲಿಲ್ಲ. ನಾನೇ ಇನ್ನೂ ಕೊಡಿ ಅಂದಿದ್ದೆ. ಅವಳಿಗೂ ಹಿಂಗೇ ನೋಡಬಹುದಿತ್ತಾ?”

ಡಾಕ್ಟರಮ್ಮ ಅವನ ಪಕ್ಕದಲ್ಲಿ ಕೂತರು. “ನೋಡಿದ್ರೆ ಏನು ಸಿಗ್ತಿತ್ತೋ ನಾನು ಹೇಳಲಾರೆ. ನೋಡಬೇಕಿತ್ತು.”

ತಮ್ಮ ಯಂತ್ರದಿಂದ ಹೊರಬಂದ. ಮನೆಗೆ ಬಂದ. ಈಗ ಸ್ಟೂಲಿನ ಮೇಲೆ ಕೂತು ಕರವಸ್ತ್ರ ಮಡಿಸುತ್ತಾನೆ. ಅಂಗಿ ಮಡಿಸಲು ಇನ್ನೂ ಹೆಂಡತಿ ಬಿಡುವುದಿಲ್ಲ.

ಲಾಂಡ್ರಿಯಲ್ಲಿ ಒಂದು ಪದ್ಧತಿ ಇದೆ. ಒಗೆದು ಮಡಿಸಿದ ಪ್ರತಿ ಕಟ್ಟಿಗೂ ನಂಬರಿನ ಚೀಟಿ ಪಿನ್ನು ಹಾಕಿ ಕಳಿಸುತ್ತಾರೆ. ಆ ಚೀಟಿಯ ಹಿಂಬದಿ ಖಾಲಿ ಇರುತ್ತಿತ್ತು. ಇಸ್ತ್ರಿ ಅಕ್ಕ ಸಿಸ್ಟರನ್ನು ಕೂರಿಸಿಕೊಂಡು ಕೇಳಿ ಕೇಳಿ ಬರೆದಳು. ಬ್ಲೀಚಣ್ಣ ಅಚ್ಚು ಹಾಕಿಸಿದ. ನೀವು ಈಗ ಓದುವುದು ನಿಮಗೇ ಬರೆದದ್ದು:

‘ನಿಮ್ಮವರು ಉಸಿರಿನ ಯಂತ್ರದ ಮೇಲಿದ್ದಾಗ ಜ್ವರ ಬಂತೇ? ಗಾಬರಿ ಬೇಡ, ಮೌನವೂ ಬೇಡ. ಕೇಳಿ: ಔಷಧಕ್ಕೆ ಮೊದಲು ಎದೆಯ ಕಫ ತೆಗೆದಿರಾ? ಜ್ವರಕ್ಕೆ ಬೇರೆ ಕಾರಣ ಹುಡುಕಿದಿರಾ? ವರದಿ ಯಾವಾಗ ಬರುತ್ತದೆ? ಬಂದ ಮೇಲೆ ಔಷಧ ಬದಲಿಸಬೇಕೇ, ನಿಲ್ಲಿಸಬೇಕೇ, ಮುಂದುವರಿಸಬೇಕೇ? ಔಷಧವನ್ನು ನೀವೇ ತಡೆಯಬೇಡಿ, ನೀವೇ ನಿಲ್ಲಿಸಬೇಡಿ, ಇನ್ನೂ ಜೋರಿನದು ಕೊಡಿ ಎಂದು ಹಟವನ್ನೂ ಮಾಡಬೇಡಿ. ಕೈ ತೊಳೆದು ಮುಟ್ಟಿ. ಮಂಚದ ತಲೆ ಇಳಿಸಬೇಡಿ. ನಮ್ಮಲ್ಲಿ ಒಬ್ಬರು ಇಳಿಸಿದ್ದರು. ಕೇಳುವುದು ಸೊಕ್ಕಲ್ಲ. ಕೊಳವೆ ಹಾಕಿಕೊಂಡು ಮಲಗಿದವರಿಗೆ ಬಾಯಿಲ್ಲ. ನೀವೇ ಅವರ ಬಾಯಿ.’

ಚೀಟಿ ಮನೆಮನೆಗೆ ಹೋಯಿತು. ಕಮಾನಿನ ಆಸ್ಪತ್ರೆಯ ಹಾಸಿಗೆ ಬಟ್ಟೆಯ ಕಟ್ಟುಗಳ ಜೊತೆ ಅಲ್ಲಿಗೂ ಹೋಯಿತು. ಒಂದು ಬೆಳಿಗ್ಗೆ ಅಲ್ಲಿನ ಮ್ಯಾನೇಜರ್ ಅಂಗಡಿಗೆ ಬಂದರು. ಕೂರಲಿಲ್ಲ. ಚೀಟಿಯನ್ನು ಎರಡು ಬೆರಳಲ್ಲಿ ಹಿಡಿದಿದ್ದರು.

“ಏನಯ್ಯ ಇದು? ನಮ್ಮ ಮೇಲೇ ಬರೆದ ಹಾಗಿದೆ.”

“ನಿಮ್ಮ ಹೆಸರಿಲ್ಲ ಸಾರ್,” ಎಂದ ಬ್ಲೀಚಣ್ಣ. “ಇರೋ ಹೆಸರಂದ್ರೆ ಕಫದ್ದೊಂದೇ.”

“ಜನ ಬಂದು ಬಂದು ಕೇಳ್ತಿದ್ದಾರೆ.”

“ಏನಂತ?”

“ಕಫ ತೆಗೆದಿರಾ, ವರದಿ ಬಂತಾ ಅಂತ.”

“ತೆಗೀತಿದ್ದೀರಾ ಸಾರ್?”

ಮ್ಯಾನೇಜರ್ ಚೀಟಿಯನ್ನು ಮೇಜಿನ ಮೇಲೆ ಎಸೆದರು. “ನೋಡು, ನಿನಗೂ ನಮಗೂ ಹಳೇ ಸಂಬಂಧ. ಇವತ್ತಿಂದ ಈ ಚೀಟಿ ಇರಬಾರದು. ಇದ್ರೆ ನಮ್ಮ ಬಟ್ಟೆ ಬೇರೆ ಲಾಂಡ್ರಿಗೆ ಹೋಗುತ್ತೆ. ನಿನ್ನ ಅರ್ಧ ಕೆಲಸ ನಮ್ಮದು ಅನ್ನೋದು ನೆನಪಿರಲಿ. ಈಗಲೇ ತೆಗಿ.”

ಇಸ್ತ್ರಿ ಅಕ್ಕ ಇಸ್ತ್ರಿ ಪೆಟ್ಟಿಗೆಯನ್ನು ಬಟ್ಟೆಯಿಂದ ಎತ್ತಿ ನೆಟ್ಟಗೆ ನಿಲ್ಲಿಸಿದಳು. ತಮ್ಮನ ಕೈಯಲ್ಲಿ ಕರವಸ್ತ್ರ ಅರ್ಧ ಮಡಿಕೆಯಲ್ಲಿ ನಿಂತಿತು. ಮೇಜಿನ ಮೇಲೆ ಕಮಾನಿನ ಆಸ್ಪತ್ರೆಯ ಬಿಳಿ ಹಾಸಿಗೆ ಬಟ್ಟೆಗಳ ಕಟ್ಟು, ಹೊರಡಲು ಸಿದ್ಧವಾಗಿ. ಅದಕ್ಕಿನ್ನೂ ಚೀಟಿ ಹಾಕಿರಲಿಲ್ಲ.

ಬ್ಲೀಚಣ್ಣ ಡಬ್ಬಿಯಿಂದ ಒಂದು ಪಿನ್ನು ತೆಗೆದ. ಚೀಟಿಯನ್ನು ಬರಹ ಕಾಣುವ ಹಾಗೆ ತಿರುಗಿಸಿ ಕಟ್ಟಿನ ಮೇಲಿಟ್ಟು, ಪಿನ್ನು ಚುಚ್ಚಿ ಒತ್ತಿದ.

“ಬಟ್ಟೆ ಬೇಕಾದ್ರೆ ಒಯ್ಯಿರಿ ಸಾರ್,” ಎಂದ. “ಚೀಟಿ ತೆಗೆಯಲ್ಲ.”